ಬಿಡಿ ಮತ್ತು ಇಡಿ: ಕನ್ನಡದ ಜಾಲಪುಟ ಕಟ್ಟಿದ ಮೂರು ದಶಕ

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಪಶ್ಚಿಮಕ್ಕಿಳಿದು ನಾನಾ ಚೌಕದಿಂದ ತಾರ್‌ದೇವ್ ಕಡೆಗೆ ಹೊರಟರೆ ಸಿಗುವ ರಸ್ತೆಯ ಹೆಸರು ಜಾವಜಿ ದಾದಾಜಿ ಮಾರ್ಗ. ಪೂರ್ವಕ್ಕಿಳಿದರೆ ಲ್ಯಾಮಿಂಗ್ಟನ್ ರೋಡ್. ಒಂದು ರಸ್ತೆಗೆ ಅಚ್ಚುಮೊಳೆ ಎರಕ ಹೊಯ್ದ ಮುದ್ರಕರ ಹೆಸರು. ಇನ್ನೊಂದು, ಕಂಪ್ಯೂಟರಿನ ಬಿಡಿಭಾಗ ಎಂದೊಡನೆ ಮುಂಬಯಿಯವರಿಗೆ ನೆನಪಾಗುವ ಪೇಟೆ. ನಡುವೆ ಪಶ್ಚಿಮ ರೈಲ್ವೆಯ ಹಳಿ. ಸಣ್ಣ ಬಿಡಿಗಳನ್ನು ಕೂಡಿಸಿ ಇಡೀ ಪುಟ ಕಟ್ಟುವ ವಿದ್ಯೆಯ ಬಗ್ಗೆ ಮುಂಬಯಿಯ ಕನ್ನಡಿಗರು ಲೆಕ್ಕ ಹಾಕಿ ನೋಡುವುದಾದರೆ ಇದಕ್ಕಿಂತ ತಕ್ಕ ಜಾಗ ಬೇರೆ ಇಲ್ಲ.

ಲೆಕ್ಕ ಹಾಕುವ ಕಾಲವೂ ಬಂದಿದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು. ಬಿ. ಪವನಜ ಅವರು ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆ ಶುರುಮಾಡಿದ್ದು 1996ರಲ್ಲಿ. ಅಲ್ಲಿಂದೀಚೆಗೆ ಮೂರು ದಶಕ. ಈ ಅವಧಿಯಲ್ಲಿ ಪುಟ ಕಟ್ಟುವ ರೀತಿ ತಳದಿಂದಲೇ ಬದಲಾಯಿತು. ಮೊದಲು ಪ್ರತಿ ಪುಟವನ್ನೂ ಇಡಿಯಾಗಿ ಬರೆಯುತ್ತಿದ್ದರು. ಈಗ ಒಂದು ಬಟನ್, ಒಂದು ಶೀರ್ಷಿಕೆ, ಒಂದು ಚಿತ್ರ, ಅವು ಮೂರೂ ಸೇರಿದ ಒಂದು ಕಾರ್ಡ್, ಹತ್ತು ಕಾರ್ಡ್ ಸೇರಿದ ಒಂದು ಪಟ್ಟಿ ಎಂದು ಬಿಡಿಗಳನ್ನು ಮೊದಲು ಮಾಡಿಟ್ಟುಕೊಂಡು, ಬೇಕೆಂದಾಗ ಬೇಕಾದ ಪುಟ ಜೋಡಿಸುತ್ತಾರೆ. ಒಮ್ಮೆ ಮಾಡಿದ ಬಿಡಿ ಸಾವಿರ ಪುಟಕ್ಕೆ ಬರುತ್ತದೆ. ಒಂದು ಕಡೆ ತಿದ್ದಿದರೆ ಸಾವಿರ ಕಡೆ ತಿದ್ದಿದಂತೆ. ಕೆಲಸದವರು ಇದನ್ನು ಕಾಂಪೊನೆಂಟ್ ಅನ್ನುತ್ತಾರೆ. ನಾವು ಇಲ್ಲಿ ಬಿಡಿ ಅನ್ನೋಣ.

ಈ ಮೂರು ದಶಕಗಳನ್ನು ತಿರುಗಿ ನೋಡಿದಾಗ ನಮಗೆ ಎದ್ದು ಕಾಣುವುದು ಒಂದೇ ಸಂಗತಿ. ಕಣ್ಣಿಗೆ ಕಾಣುವ ಆಕಾರ ನೋಡಿ ಕತ್ತರಿಸಿದ ಬಿಡಿಗಳನ್ನು ಕನ್ನಡ ಒಂದಲ್ಲ ಒಂದು ದಿನ ಎಸೆಯಬೇಕಾಯಿತು. ಅರ್ಥ ನೋಡಿ ಕತ್ತರಿಸಿದವು ಉಳಿದವು. ಅಕ್ಷರದ ಮಟ್ಟದಲ್ಲಿ ಈ ಪಾಠವನ್ನು ನಾವು ಚೆನ್ನಾಗಿ ಕಲಿತೆವು. ಪುಟದ ಮಟ್ಟದಲ್ಲಿ ಇನ್ನೂ ಕಲಿತಿಲ್ಲ.

ಮೊದಲು ಮೊಳೆಯ ಮಾತು. ಜಾವಜಿ ದಾದಾಜಿ ಚೌಧರಿ ಹುಟ್ಟಿದ್ದು 1839ರಲ್ಲಿ. ಇನ್ನೂ ಹುಡುಗನಾಗಿದ್ದಾಗಲೇ ಅಮೆರಿಕನ್ ಮಿಷನ್ ಪ್ರೆಸ್ಸಿನಲ್ಲಿ ತಿಂಗಳಿಗೆ 2 ರೂಪಾಯಿ ಸಂಬಳಕ್ಕೆ ಮೊಳೆ ಉಜ್ಜಲು ಸೇರಿಕೊಂಡರು. ಅಲ್ಲಿ ಥಾಮಸ್ ಗ್ರಹಾಂ ದೇವನಾಗರಿ ಮೊಳೆಗಳನ್ನು ಸಿದ್ಧಪಡಿಸುತ್ತಿದ್ದರು. ಹುಡುಗ ಕೈಕೆಲಸ ಕಲಿತ. 1864ರಲ್ಲಿ ಸ್ವಂತ ಮೊಳೆ ಎರಕದ ಕಾರ್ಖಾನೆ, 1869ರಲ್ಲಿ ನಿರ್ಣಯಸಾಗರ ಮುದ್ರಣಾಲಯ. ಕಾಲಬಾದೇವಿಯ ಕೋಲ್ಭಾಟ್ ಗಲ್ಲಿಯ ಆ ಅಚ್ಚುಕೂಟದಿಂದ ಹೊರಬಿದ್ದ ಸಂಸ್ಕೃತ ಗ್ರಂಥಗಳು ಕರ್ನಾಟಕದ ಪಾಠಶಾಲೆಗಳಿಗೂ ಮಠಗಳಿಗೂ ಬಂದವು. ನಿರ್ಣಯಸಾಗರದ ಪ್ರತಿ ಎಂದರೆ ಪಾಠವೂ ಶುದ್ಧ, ಅಚ್ಚೂ ಸ್ಪಷ್ಟ ಎಂದು ಪಂಡಿತರು ನಂಬುತ್ತಿದ್ದರು. ಜಾವಜಿ ತೀರಿಕೊಂಡದ್ದು 1892ರಲ್ಲಿ. ಅವರ ಹೆಸರಿನ ಮಾರ್ಗದಲ್ಲಿಯೇ ಇಂದು ತಾಲ್ಮಕಿವಾಡಿ ಎಂಬ ವಸತಿ ಸಮುಚ್ಚಯ ಇದೆ. ಕೆನರಾದಿಂದ ಬಂದ ಸಾರಸ್ವತರು 1911ರಲ್ಲಿ ಕಟ್ಟಿದ ಕೆನರಾ ಸಾರಸ್ವತ ಅಸೋಸಿಯೇಷನ್ನಿನ ವಿಳಾಸವೂ ಅದೇ. ಕರಾವಳಿಯ ಓದುವ ಬರೆಯುವ ಮಂದಿ ಈ ಪೇಟೆಗೆ ಹೊಸಬರಲ್ಲ.

ಮೊಳೆ ಜೋಡಿಸುವ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಇಂದಿನ ಜಾಲಪುಟದ ಕೆಲಸ ಅಪರಿಚಿತ ಅನಿಸುವುದಿಲ್ಲ. ಕಂಪೋಸಿಟರ್ ಎಡಗೈಯಲ್ಲಿ ಸ್ಟಿಕ್ ಹಿಡಿದು, ಬಲಗೈಯಿಂದ ಕೇಸಿನ ಖಾನೆಗಳಿಂದ ಒಂದೊಂದೇ ಮೊಳೆ ಹೆಕ್ಕಿ ಸಾಲು ಕೂಡಿಸುತ್ತಾನೆ. ಸಾಲುಗಳು ಗ್ಯಾಲಿಗೆ ಹೋಗುತ್ತವೆ. ಗ್ಯಾಲಿಯ ಕಾಲಂಗಳನ್ನು ಪುಟವಾಗಿ ಹೊಂದಿಸಿ, ಖಾಲಿ ಜಾಗಕ್ಕೆ ಮರದ ಹಾಗೂ ಲೋಹದ ಪಟ್ಟಿ ತುಂಬಿ, ಚೌಕಟ್ಟಿನಲ್ಲಿ ಬಿಗಿದು ಯಂತ್ರಕ್ಕೆ ಏರಿಸುತ್ತಾರೆ. ಅಚ್ಚಾದ ಮೇಲೆ ಪುಟ ಬಿಚ್ಚಿ ಪ್ರತಿ ಮೊಳೆಯನ್ನೂ ಅದರದರ ಖಾನೆಗೆ ಮರಳಿಸಬೇಕು. ನಾಳೆಯ ಪುಟಕ್ಕೂ ಅವೇ ಮೊಳೆ. ಪತ್ರಿಕೆಯ ಹೆಸರು, ಕಾಯಂ ಅಂಕಣದ ತಲೆಬರಹ, ವರ್ಷಪೂರ್ತಿ ಬರುವ ಜಾಹೀರಾತಿನ ಬ್ಲಾಕು ಇವನ್ನು ಮಾತ್ರ ಬಿಚ್ಚದೆ ಹಾಗೆಯೇ ಎತ್ತಿಡುತ್ತಿದ್ದರು. ಯಾವುದನ್ನು ಬಿಚ್ಚಬೇಕು, ಯಾವುದನ್ನು ಕಟ್ಟಿದ ಹಾಗೆಯೇ ಉಳಿಸಬೇಕು ಎಂಬ ಆ ತೀರ್ಮಾನವನ್ನೇ ಇಂದಿನ ಜಾಲಪುಟದ ಕೆಲಸಗಾರನೂ ದಿನವಿಡೀ ಮಾಡುತ್ತಿರುತ್ತಾನೆ.

ಆದರೆ ನಮ್ಮ ಲಿಪಿಗಳ ಮೊಳೆ ಕತ್ತರಿಸುವುದು ಇಂಗ್ಲಿಷಿನಷ್ಟು ಸಲೀಸಲ್ಲ. ದೇವನಾಗರಿಯಲ್ಲಿ ಮಾತ್ರೆ ಮೇಲೆ ಕೂರುತ್ತದೆ. ಕನ್ನಡದಲ್ಲಿ ಒತ್ತು ಕೆಳಗಿಳಿಯುತ್ತದೆ, ದೀರ್ಘ ಬಲಕ್ಕೆ ಹೋಗುತ್ತದೆ, ಗುಡಿಸು ಅಕ್ಷರದ ತಲೆಯನ್ನೇ ಬದಲಿಸುತ್ತದೆ. ಪ್ರತಿ ಗುಣಿತಕ್ಕೂ ಇಡೀ ಮೊಳೆ ಎರಕ ಹೊಯ್ದರೆ ಕೇಸು ಗೋಡೆಯಷ್ಟಾಗುತ್ತದೆ. ತುಂಡು ತುಂಡಾಗಿ ಹೊಯ್ದರೆ ಮೊಳೆ ಕಡಿಮೆಯಾಗುತ್ತದೆ, ಆದರೆ ಹೊರಚಾಚಿದ ತೆಳು ಭಾಗ ಒತ್ತಡಕ್ಕೆ ಮುರಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಮುಂಬಯಿ ಈ ಎರಡರ ನಡುವೆ ದಾರಿ ಹುಡುಕುತ್ತ ಕಾಲ ಕಳೆಯಿತು. ಎಲ್ಲಿ ಕತ್ತರಿಸಬೇಕು ಎಂಬುದೇ ಪ್ರಶ್ನೆ. ಕಲ್ಲಚ್ಚಿಗೆ ಆ ಪ್ರಶ್ನೆ ಇರಲಿಲ್ಲ. 1843ರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಟಿತು. ಅಲ್ಲಿ ಪುಟ ಇಡಿಯಾಗಿಯೇ ಬರೆದದ್ದು, ಅದರಿಂದ ಇನ್ನೊಂದು ಪುಟಕ್ಕೆ ತೆಗೆದುಕೊಳ್ಳಲು ಏನೂ ಇಲ್ಲ. ಮುಂದಿನ ವರ್ಷ ಪತ್ರಿಕೆ ಮೊಳೆಯಚ್ಚಿಗಾಗಿ ಬಳ್ಳಾರಿಗೆ ಹೋಯಿತು.

ಇದೇ ಪ್ರಶ್ನೆ ಕಂಪ್ಯೂಟರಿನ ಕಾಲದಲ್ಲಿ ಮರಳಿ ಬಂದಾಗ ಉತ್ತರ ಹುಡುಕಿದವರಲ್ಲಿ ಮುಖ್ಯರಾದ ಇಬ್ಬರು ಮುಂಬಯಿಯಲ್ಲಿ ಕೆಲಸ ಮಾಡಿದವರು ಎಂಬುದನ್ನು ನಾವು ಹೆಮ್ಮೆಯಿಂದಲೇ ದಾಖಲಿಸುತ್ತೇವೆ. ಒಬ್ಬರು ಕಿನ್ನಿಕಂಬಳದ ಕೆ. ಪಿ. ರಾವ್. 1940ರಲ್ಲಿ ಹುಟ್ಟಿದ ಅವರು ಟಾಟಾ ಪ್ರೆಸ್ಸಿನಲ್ಲಿಯೂ ಮಾನೋಟೈಪಿನಲ್ಲಿಯೂ ಭಾರತೀಯ ಲಿಪಿಗಳ ಫೋಟೊ ಅಕ್ಷರಜೋಡಣೆಯ ಮೇಲೆ ಕೆಲಸ ಮಾಡಿದರು. ಮುಂದೆ ‘ಸೇಡಿಯಾಪು’ ತಂತ್ರಾಂಶ ಬಂತು, ಇಂದು ಎಲ್ಲರೂ ಕೆ. ಪಿ. ರಾವ್ ಕೀಲಿಮಣೆ ಎಂದು ಕರೆಯುವ ವಿನ್ಯಾಸ ಬಂತು. ಅದರ ಹಿರಿಮೆ ಸರಳವಾಗಿದೆ. ಅಕ್ಷರದ ಚಿತ್ರ ಹೇಗಿದೆ ಎಂದು ಬೆರಳು ಯೋಚಿಸಬೇಕಾಗಿಲ್ಲ. ವ್ಯಂಜನ ಒತ್ತಿ, ಸ್ವರ ಒತ್ತಿ. ಗುಡಿಸು ಎಲ್ಲಿ ಕೂರಬೇಕು, ಒತ್ತು ಯಾವ ರೂಪ ತಾಳಬೇಕು ಎಂಬುದನ್ನು ಯಂತ್ರ ನೋಡಿಕೊಳ್ಳುತ್ತದೆ. ಬಾಯಿ ಮಾತನ್ನು ಒಡೆಯುವಲ್ಲೇ ಬೆರಳೂ ಒಡೆಯುತ್ತದೆ.

ಇನ್ನೊಬ್ಬರು ಆರ್. ಕೆ. ಜೋಷಿ. ಅಕ್ಷರಕಲೆಯ ಈ ಗುರುಗಳ ನೇತೃತ್ವದಲ್ಲಿ ಮುಂಬಯಿಯಲ್ಲಿ ರೂಪುಗೊಂಡ ‘ತುಂಗಾ’ ಫಾಂಟ್ 2001ರ ವಿಂಡೋಸ್ ಎಕ್ಸ್‌ಪಿಯ ಜೊತೆಗೆ ಬಂತು. ಅನೇಕ ಕನ್ನಡಿಗರು ಯೂನಿಕೋಡ್ ಕನ್ನಡವನ್ನು ಪರದೆಯ ಮೇಲೆ ಮೊದಲ ಸಲ ಓದಿದ್ದು ಈ ಅಕ್ಷರಗಳಲ್ಲಿ.

ಅಷ್ಟರಲ್ಲಿ ನಮ್ಮ ಡಿಟಿಪಿ ಅಂಗಡಿಗಳು, ಪತ್ರಿಕೆಗಳು, ಸರ್ಕಾರಿ ಕಚೇರಿಗಳು ಇನ್ನೊಂದು ದಾರಿಯಲ್ಲಿ ಬಹಳ ದೂರ ಹೋಗಿದ್ದವು. ಆ ದಾರಿಯನ್ನು ಒಂದು ಪದದಲ್ಲಿ ತೋರಿಸಬಹುದು. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದ ‘ಕನ್ನಡ’ ಎಂಬ ಪದವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದವರಿಗೆಲ್ಲ ನೆನಪಿರುತ್ತದೆ: ರೋಮನ್ ಲಿಪಿಯ ಪಿ ಅಕ್ಷರ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನರ ಒಂದು ಅಕ್ಷರ, ಕ್ಯೂ, ಮತ್ತೆ ಅದೇ ಎ. ಒಟ್ಟು ಏಳು ತುಂಡು. ಪಿ ಎಂದರೆ ತಲೆಕಟ್ಟಿಲ್ಲದ ಕಕಾರದ ಒಡಲು. ಪೌಂಡು ನಕಾರದ ಒಡಲು. ಮೂರು ಸಲ ಬಂದ ಆ ಎ ತಲೆಕಟ್ಟು. ಜರ್ಮನ್ ಅಕ್ಷರ ನಕಾರದ ಒತ್ತು. ಒಂದೇ ತಲೆಕಟ್ಟನ್ನು ಎಲ್ಲ ಅಕ್ಷರಕ್ಕೂ ಮತ್ತೆ ಮತ್ತೆ ಬಳಸಿದ ಈ ಜಾಣತನವನ್ನು ಮೆಚ್ಚಲೇಬೇಕು. 256 ಖಾನೆಗಳ ಮಿತಿಯೊಳಗೆ ಇಡೀ ಕನ್ನಡವನ್ನು ಕೂರಿಸಿದ ಕೆಲಸ ಅದು. ಒಂದು ತಲೆಮಾರಿನ ಪುಸ್ತಕಗಳು, ಪತ್ರಿಕೆಗಳು ಆ ತುಂಡುಗಳಿಂದಲೇ ಅಚ್ಚಾದವು.

ಯೂನಿಕೋಡಿನಲ್ಲಿ ಅದೇ ಪದಕ್ಕೆ ಐದು ಬಿಡಿ: ಕ, ನ, ಹಲಂತದ ಗುರುತು, ನ, ಡ. ತಲೆಕಟ್ಟು ಇಲ್ಲವೇ ಇಲ್ಲ. ಅದು ಆಕಾರದ ಸಂಗತಿ, ಫಾಂಟ್ ನೋಡಿಕೊಳ್ಳುತ್ತದೆ. ಉಳಿದದ್ದು ಭಾಷೆಯ ಬಿಡಿಗಳು ಮಾತ್ರ. ಆದ್ದರಿಂದಲೇ ಈ ಪಠ್ಯವನ್ನು ಹುಡುಕಬಹುದು, ಅಕಾರಾದಿಯಲ್ಲಿ ಜೋಡಿಸಬಹುದು, ಕಣ್ಣಿಲ್ಲದವರಿಗೆ ಯಂತ್ರ ಓದಿ ಹೇಳಬಹುದು, ಯಾವ ಫಾಂಟಿನಲ್ಲಾದರೂ ತೋರಿಸಬಹುದು. ಏಳು ತುಂಡಿನ ಪಠ್ಯದಲ್ಲಿ ಇವು ಯಾವುವೂ ಆಗುತ್ತಿರಲಿಲ್ಲ; ಅದನ್ನು ಬದಲಿಸಿ ಯೂನಿಕೋಡಿಗೆ ತರುವ ಕೂಲಿಯನ್ನು ನಾವು ಇವತ್ತಿಗೂ ತೆರುತ್ತಿದ್ದೇವೆ. ಹಳೆಯ ಪತ್ರಿಕಾ ಕಡತಗಳು ಇನ್ನೂ ಎಷ್ಟೋ ಹಾಗೆಯೇ ಬಿದ್ದಿವೆ.

ಇನ್ನು ಪುಟದ ಕಥೆ. ಟಿಮ್ ಬರ್ನರ್ಸ್-ಲೀ ಎಚ್‌ಟಿಎಂಎಲ್ ಕೊಟ್ಟಾಗ ಅದರಲ್ಲಿದ್ದದ್ದು ಅರ್ಥದ ಬಿಡಿಗಳೇ: ಇದು ತಲೆಬರಹ, ಇದು ಪ್ಯಾರಾ, ಇದು ಪಟ್ಟಿ. ಆದರೆ ಪತ್ರಿಕೆಯಂತೆ ಎರಡು ಮೂರು ಕಾಲಂ ಬೇಕೆಂದವರಿಗೆ ಅದು ಸಾಲಲಿಲ್ಲ. ಅಂಕಿ ಅಂಶ ತೋರಿಸಲು ಇದ್ದ ಕೋಷ್ಟಕವನ್ನೇ ಪುಟದ ಅಸ್ಥಿಪಂಜರ ಮಾಡಿಕೊಂಡರು; ಕೋಷ್ಟಕದೊಳಗೆ ಕೋಷ್ಟಕ, ಖಾಲಿ ಜಾಗಕ್ಕೆ ಕಣ್ಣಿಗೆ ಕಾಣದ ಒಂದು ಚುಕ್ಕಿಯ ಚಿತ್ರ. ಹೋಕನ್ ವಿಯುಮ್ ಲೀ 1994ರಲ್ಲಿ ಮುಂದಿಟ್ಟ, ಪುಟದ ರೂಪವನ್ನು ಬೇರೆಯಾಗಿ ಬರೆದಿಡುವ ಸಿಎಸ್‌ಎಸ್‌ನ ಮೊದಲ ಆವೃತ್ತಿ 1996ರ ಡಿಸೆಂಬರಿನಲ್ಲಿ ಹೊರಬಂದರೂ ಕೋಷ್ಟಕಗಳ ಚಾಳಿ ಬಿಡಲು ವರ್ಷಗಳೇ ಹಿಡಿದವು. ಕನ್ನಡದ ಪುಟಗಳಿಗಂತೂ ಇನ್ನೊಂದು ಹೊರೆ. ‘ಫಾಂಟ್ ಇಳಿಸಿಕೊಳ್ಳಿ’ ಎಂಬ ಸೂಚನೆ ಪುಟದ ನೆತ್ತಿಯ ಮೇಲಿರುತ್ತಿತ್ತು. ತಲೆಬರಹಗಳನ್ನು ಎಷ್ಟೋ ಸಲ ಚಿತ್ರ ಮಾಡಿಯೇ ಹಾಕುತ್ತಿದ್ದರು. ಅಕ್ಷರವೂ ಆಕಾರದ ತುಂಡು, ಪುಟವೂ ಆಕಾರದ ತುಂಡು. ಅಂಥ ಕಾಲದಲ್ಲಿ ಪುಟ ನಡೆಸಿದವರ ತಾಳ್ಮೆ ದೊಡ್ಡದು.

ಬದಲಾವಣೆ ಬೇಗ ಬೇಗ ಬಂದದ್ದು 2010ರಿಂದೀಚೆಗೆ. ಆ ವರ್ಷ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್, ಪರದೆಯ ಅಗಲಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಪುಟದ ವಿಚಾರ ಬರೆದರು. 2011ರ ಆಗಸ್ಟಿನಲ್ಲಿ ಟ್ವಿಟರ್‌ನ ಇಬ್ಬರು ಕೆಲಸಗಾರರು ಬೂಟ್‌ಸ್ಟ್ರಾಪ್ ಎಂಬ ಸಿದ್ಧ ಬಿಡಿಗಳ ಗಂಟನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅದರ 12 ಕಾಲಂಗಳ ಗ್ರಿಡ್ ನಮ್ಮ ಊರಿನ ಸಣ್ಣ ಸಂಸ್ಥೆಗಳ ಪುಟಗಳವರೆಗೂ ಹಬ್ಬಿತು. 2013ರಲ್ಲಿ ಫೇಸ್‌ಬುಕ್ ಬಿಡಿಗಳಿಂದ ಪುಟ ಕಟ್ಟುವ ತನ್ನ ಸಲಕರಣೆ ರಿಯಾಕ್ಟ್ ಅನ್ನು ಮುಕ್ತವಾಗಿ ಹಂಚಿತು. ಅದೇ ವರ್ಷ ಬ್ರಾಡ್ ಫ್ರಾಸ್ಟ್, ಪರಮಾಣುವಿನಿಂದ ಅಣು, ಅಣುವಿನಿಂದ ಜೀವಿ ಎಂಬಂತೆ ಬಟನ್ನಿನಿಂದ ಪುಟದವರೆಗೆ ಏರುವ ಕ್ರಮವೊಂದನ್ನು ವಿವರಿಸಿದರು. 2014ರಲ್ಲಿ ಗೂಗಲ್‌ನ ವಿನ್ಯಾಸ ನಿಯಮಾವಳಿ ಮೆಟೀರಿಯಲ್ ಡಿಸೈನ್. 2017ರ ಮಾರ್ಚಿನಲ್ಲಿ ಸಿಎಸ್‌ಎಸ್ ಗ್ರಿಡ್ ಮುಖ್ಯ ಬ್ರೌಸರ್‌ಗಳಿಗೆ ಒಂದರ ಹಿಂದೊಂದರಂತೆ ಬಂತು. ಕೋಷ್ಟಕದ ಕಾಲದಿಂದ ಕಳ್ಳದಾರಿಯಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಕೊನೆಗೂ ರಾಜಮಾರ್ಗ ಸಿಕ್ಕಿತು.

ಲ್ಯಾಮಿಂಗ್ಟನ್ ರೋಡಿನಲ್ಲಿ ಕಂಪ್ಯೂಟರ್ ಜೋಡಿಸಿಕೊಂಡವರಿಗೆ ಈ ಬೆಳವಣಿಗೆಯ ಒಳಗುಟ್ಟು ತಾನಾಗಿಯೇ ಹೊಳೆಯುತ್ತದೆ. ಮದರ್‌ಬೋರ್ಡ್ ಒಂದು ಅಂಗಡಿಯದು, ರ‍್ಯಾಮ್ ಪಕ್ಕದ ಅಂಗಡಿಯದು, ಎಸ್‌ಎಂಪಿಎಸ್ ಎದುರು ಸಾಲಿನದು. ಆದರೂ ಸಂಜೆಗೆ ಯಂತ್ರ ಓಡುತ್ತದೆ. ಭಾಗಗಳು ಒಂದೇ ಕಂಪನಿಯವು ಎಂದಲ್ಲ, ಒಂದು ಭಾಗ ಇನ್ನೊಂದಕ್ಕೆ ಕೂರುವ ಸಂದು ಎಲ್ಲರೂ ಒಪ್ಪಿದ ಅಳತೆಯದು. ಪುಟದ ಬಿಡಿಗಳ ಗುಣವೂ ಸಂದಿನಲ್ಲಿದೆ. ಈ ಕಾರ್ಡಿಗೆ ಏನೇನು ಕೊಡಬೇಕು, ಅದು ಎಷ್ಟು ಹಿಗ್ಗಬಲ್ಲದು, ಏನು ಕೊಡದಿದ್ದರೂ ನಡೆಯುತ್ತದೆ ಎಂಬ ಒಪ್ಪಂದ ಸ್ಪಷ್ಟವಾಗಿದ್ದರೆ ಬಿಡಿ ಎಲ್ಲಿ ಬೇಕಾದರೂ ಕೂರುತ್ತದೆ.

ಕನ್ನಡದ ತೊಂದರೆ ಶುರುವಾಗುವುದು ಈ ಒಪ್ಪಂದದಲ್ಲಿಯೇ. ಸುದ್ದಿಯ ಒಂದು ಮಾಮೂಲಿ ಕಾರ್ಡ್ ತೆಗೆದುಕೊಳ್ಳೋಣ. ಮೇಲೆ ಚಿತ್ರ, ಕೆಳಗೆ ಎರಡು ಸಾಲಿನ ತಲೆಬರಹ, ಅದರ ಕೆಳಗೆ ವಿಭಾಗದ ಹೆಸರು, ಕೊನೆಯಲ್ಲಿ ‘ಮುಂದೆ ಓದಿ’ ಬಟನ್. ಇಂಗ್ಲಿಷಿಗಾಗಿ ಮಾಡಿದ ಕಾರ್ಡಿನಲ್ಲಿ ತಲೆಬರಹದ ಸಾಲಿನ ಎತ್ತರ ಅಕ್ಷರದ ಅಳತೆಯ ಒಂದೂಕಾಲು ಪಟ್ಟಿಗಿಂತ ಕಡಿಮೆ ಇರುತ್ತದೆ. ಹೆಚ್ಚಾದ ಪಠ್ಯ ಕಾಣದಂತೆ ಪೆಟ್ಟಿಗೆಯನ್ನು ಮುಚ್ಚಿರುತ್ತಾರೆ. ಅಲ್ಲಿ ‘ರಾಷ್ಟ್ರೀಯ’ ಎಂದು ಹಾಕಿ. ಷಕಾರದ ಕೆಳಗೆ ಟಕಾರದ ಒತ್ತು, ಅದಕ್ಕೂ ಕೆಳಗೆ ರಕಾರದ ಒತ್ತು. ಮೇಲಿನ ಸಾಲಿನಲ್ಲಿದ್ದರೆ ಆ ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತದೆ. ಕೊನೆಯ ಸಾಲಿನಲ್ಲಿದ್ದರೆ ಕಾಲೇ ಕತ್ತರಿಸಿಹೋಗುತ್ತದೆ. ವಿಭಾಗದ ಹೆಸರನ್ನು ಇಂಗ್ಲಿಷಿನಲ್ಲಿ ದೊಡ್ಡಕ್ಷರದಲ್ಲಿ ಬರೆದು ಬೇರೆ ಮಾಡಿ ತೋರಿಸಿರುತ್ತಾರೆ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವೇ ಇಲ್ಲ. ಆ ಸೂಚನೆ ಏನೂ ಮಾಡದೆ ಸುಮ್ಮನಾಗುತ್ತದೆ, ವಿಭಾಗದ ಹೆಸರು ಸುದ್ದಿಯ ಸಾಲಿನಂತೆಯೇ ಕಾಣುತ್ತದೆ. ಓರೆ ಅಕ್ಷರ ಕೇಳಿದರೆ ಬ್ರೌಸರ್ ನೆಟ್ಟಗಿನ ಕನ್ನಡವನ್ನೇ ಬಲವಂತವಾಗಿ ವಾಲಿಸುತ್ತದೆ. ಬಟನ್ನಿನ ಅಗಲವನ್ನು ಇಂಗ್ಲಿಷಿನ ಪುಟ್ಟ ಪದಕ್ಕೆ ನಿಗದಿಮಾಡಿದ್ದರೆ ‘ನೋಂದಾಯಿಸಿಕೊಳ್ಳಿ’ ಹೊರಗೆ ಚೆಲ್ಲುತ್ತದೆ.

ಎಲ್ಲಕ್ಕಿಂತ ನೋವಿನದು ಮೊಟಕುಗೊಳಿಸುವ ಕೆಲಸ. ತಲೆಬರಹ ಉದ್ದವಾದರೆ ಇಷ್ಟನೆಯ ಅಕ್ಷರಕ್ಕೆ ಕತ್ತರಿಸು ಎಂದು ಬರೆದಿರುತ್ತಾರೆ. ಯಂತ್ರ ಎಣಿಸುವುದು ಯೂನಿಕೋಡಿನ ಬಿಡಿಗಳನ್ನು. ‘ಸ್ತ್ರೀ’ ನಮಗೆ ಒಂದು ಅಕ್ಷರ, ಅದಕ್ಕೆ ಆರು. ‘ಮುಖ್ಯಮಂತ್ರಿ’ಯಲ್ಲಿ ಹನ್ನೊಂದು, ಒಂಬತ್ತಕ್ಕೆ ಕತ್ತರಿಸಿದರೆ ‘ಮುಖ್ಯಮಂತ್’ ಎಂದು ಉಳಿಯುತ್ತದೆ. ಅಕ್ಷರದ ಕೀಲು ಎಲ್ಲಿದೆ ಎಂದು ತಿಳಿಸಿಕೊಡುವ ಸೌಲಭ್ಯ ಈಗ ಬ್ರೌಸರ್‌ಗಳಲ್ಲಿಯೇ ಇದೆ, ಬಳಸಬೇಕು ಅಷ್ಟೆ. ಬಳಸದೆ ಬಿಟ್ಟ ಪುಟವನ್ನು ಓದುವಾಗ ಕನ್ನಡಿಗನಿಗೆ ಆಗುವ ಮುಜುಗರವನ್ನು ಸಣ್ಣದೆಂದು ತಳ್ಳಿಹಾಕಲು ನಾವು ಒಪ್ಪುವುದಿಲ್ಲ. ನನ್ನ ಭಾಷೆ ಈ ಪೆಟ್ಟಿಗೆಗೆ ಹಿಡಿಸುವುದಿಲ್ಲ ಎಂದು ಒಂದು ಮಗು ಅಂದುಕೊಂಡರೆ ಆ ತಪ್ಪು ಪೆಟ್ಟಿಗೆಯದು.

ಬಿಡಿಗಳನ್ನು ಹೊರಗಿನಿಂದ ತಂದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಮುಂದೆ ಒಂದು ದೊಡ್ಡ, ತೆರೆದ ಪ್ರಯೋಗಶಾಲೆಯೇ ಇದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ, 2016ರಲ್ಲಿ ಸ್ವತಂತ್ರವಾಗಿ ತೆರೆದ ತುಳು ವಿಕಿಪೀಡಿಯ ಎರಡೂ ಟೆಂಪ್ಲೇಟುಗಳ ಮೇಲೆ ನಿಂತಿವೆ. ಊರಿನ ಬಗ್ಗೆ ಲೇಖನ ಎಂದರೆ ಬಲಗಡೆ ಒಂದು ಮಾಹಿತಿಚೌಕ: ಜಿಲ್ಲೆ, ಜನಸಂಖ್ಯೆ, ಪಿನ್‌ಕೋಡ್. ಅದು ಒಂದು ಬಿಡಿ. ಅದನ್ನು ಇಂಗ್ಲಿಷ್ ವಿಕಿಪೀಡಿಯದಿಂದ ತರಲು ಹೋದರೆ ಅದು ತನ್ನೊಳಗೆ ಕರೆಯುವ ಇತರ ಟೆಂಪ್ಲೇಟುಗಳು, ಅವು ಕರೆಯುವ ಲುವಾ ಮಾಡ್ಯೂಲುಗಳು, ಎಲ್ಲವೂ ಬೆನ್ನಿಗೆ ಬರುತ್ತವೆ. ಒಂದನ್ನು ಬಿಟ್ಟರೂ ಚೌಕದ ಜಾಗದಲ್ಲಿ ಕೆಂಪಕ್ಷರದ ದೋಷಸಂದೇಶ. ದೊಡ್ಡ ಸಂಬಳದ ತಂಡಗಳ ಬೆಂಬಲವಿಲ್ಲದೆ, ಸ್ವಯಂಸೇವಕರೇ ಇವನ್ನು ತಂದು, ಒಂದೊಂದು ಹೆಸರನ್ನೂ ಕನ್ನಡಿಸಿ, ತುಳುವಿಗೆ ಹೊಂದಿಸಿ ನಿಲ್ಲಿಸಿದ್ದಾರೆ. ಈ ಮೂವತ್ತು ವರ್ಷಗಳಲ್ಲಿ ಪುಟದ ಬಿಡಿಗಳ ಮಟ್ಟದಲ್ಲಿ ನಮ್ಮವರು ಮಾಡಿದ ಅತಿ ದೊಡ್ಡ ಸಾಮೂಹಿಕ ಕೆಲಸ ಇದೇ ಎಂದು ನಾವು ಭಾವಿಸುತ್ತೇವೆ. ಅದಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ.

ಆಶೆ ಪಡಲು ಕಾರಣಗಳೂ ಇವೆ, ಅವುಗಳಲ್ಲಿ ಒಂದು ಮತ್ತೆ ಮುಂಬಯಿಯದೇ. ಇಲ್ಲಿನ ಏಕ್ ಟೈಪ್ ಸಂಸ್ಥೆ ಮೊದಲು ‘ಬಾಲೂ ತಮ್ಮ’ ಎಂಬ ಕನ್ನಡ ಫಾಂಟ್ ಕೊಟ್ಟಿತು, 2022ರಲ್ಲಿ ‘ಅನೇಕ್’ ಎಂಬ ಬಹುಲಿಪಿ ಕುಟುಂಬವನ್ನು ಕೊಟ್ಟಿತು. ಅದರ ಕನ್ನಡವನ್ನು ರೂಪಿಸಿದವರು ವೈಷ್ಣವಿ ಮೂರ್ತಿ. ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್ ಸೇರಿದ್ದರ ಹಿಂದೆಯೂ ಅವರ ಪರಿಶ್ರಮವಿದೆ. ಅನೇಕ್ ಕನ್ನಡದ ವಿಶೇಷ ಅದರ ಅಗಲದಲ್ಲಿದೆ. ಒಂದೇ ಫೈಲಿನೊಳಗೆ ಕಿರಿದಾಗಿ ಒತ್ತಿಕೊಂಡ ರೂಪದಿಂದ ಹರವಾಗಿ ಚಾಚಿದ ರೂಪದವರೆಗೆ ಎಲ್ಲ ಅಗಲಗಳೂ ಸಿಗುತ್ತವೆ. ಇಕ್ಕಟ್ಟಾದ ಕಾರ್ಡಿನಲ್ಲಿ ಉದ್ದದ ಕನ್ನಡ ಪದ ಬಂದಾಗ ಅಕ್ಷರದ ಗಾತ್ರ ಕುಗ್ಗಿಸದೆ ಅಗಲ ಮಾತ್ರ ಕಡಿಮೆಮಾಡಬಹುದು. ಓದುವವನ ಕಣ್ಣಿಗೆ ಶ್ರಮವಿಲ್ಲ. ಎರಡನೆಯ ಕಾರಣ, 2022ರ ಆಗಸ್ಟಿನಿಂದ 2023ರ ಫೆಬ್ರವರಿಯ ನಡುವೆ ಕ್ರೋಮ್, ಸಫಾರಿ, ಫೈರ್‌ಫಾಕ್ಸ್ ಮೂರಕ್ಕೂ ಬಂದ ಹೊಸ ಸೌಲಭ್ಯ. ಮೊದಲು ಬಿಡಿಯೊಂದು ಇಡೀ ಪರದೆಯ ಅಗಲವನ್ನಷ್ಟೇ ಕೇಳಿ ತಿಳಿಯಬಹುದಿತ್ತು. ಈಗ ತಾನು ಕೂತ ಖಾನೆಯ ಅಗಲವನ್ನೇ ಕೇಳಿ ತನ್ನ ರೂಪ ಬದಲಿಸಿಕೊಳ್ಳಬಹುದು. ಈ ಎರಡನ್ನು ಕೂಡಿಸಿದರೆ ಕನ್ನಡದ ಅಳತೆಗೇ ಹೊಲಿದ ಕಾರ್ಡು ಸಾಧ್ಯ. ಪದ ಒಡೆದು ಸಾಲು ಮುರಿಯುವ ನಿಯಮಗಳನ್ನು ಕೇರಳದ ಸಂತೋಷ್ ತೋಟ್ಟಿಙಲ್ ಕನ್ನಡಕ್ಕೂ ಬರೆದುಕೊಟ್ಟು ಬಹಳ ಕಾಲವಾಯಿತು. ಸಂಧಿ ಸಮಾಸಗಳಿಂದ ಉದ್ದವಾಗುವ ಭಾಷೆಗೆ ಅದು ದೊಡ್ಡ ಉಪಕಾರ.

ಅಂದರೆ ಸಲಕರಣೆಯ ಕೊರತೆ ಈಗಿಲ್ಲ. ಕೊರತೆಯಿರುವುದು ಎಲ್ಲಿ ಕತ್ತರಿಸಬೇಕು ಎಂಬ ತೀರ್ಮಾನದಲ್ಲಿ. ನಮ್ಮ ಪುಟಗಳ ಕೀಲುಗಳು ಎಲ್ಲಿವೆ ಎಂದು ನಾವೇ ಕೂತು ನೋಡಿಲ್ಲ. ಮುಂಬಯಿಯ ಕನ್ನಡ ಪತ್ರಿಕೆಗಳನ್ನೂ ಸಂಘಗಳ ಮುಖವಾಣಿಗಳನ್ನೂ ತೆರೆದರೆ ಅವು ಕಣ್ಣಿಗೆ ಬೀಳುತ್ತವೆ. ಯಕ್ಷಗಾನದ ಪ್ರಕಟಣೆ ನೋಡಿ. ಸಿದ್ಧ ಬಿಡಿಗಳ ಗಂಟಿನಲ್ಲಿ ಕಾರ್ಯಕ್ರಮದ ಕಾರ್ಡಿಗೆ ಇರುವ ಖಾನೆಗಳು ಹೆಸರು, ದಿನಾಂಕ, ಸ್ಥಳ, ಭಾಷಣಕಾರ. ಯಕ್ಷಗಾನಕ್ಕೆ ಬೇಕಾದದ್ದು ಮೇಳ, ಪ್ರಸಂಗ, ಭಾಗವತರು, ಮದ್ದಳೆ, ಚೆಂಡೆ, ಮುಮ್ಮೇಳದಲ್ಲಿ 10-12 ಕಲಾವಿದರು ಮತ್ತು ಅವರವರ ಪಾತ್ರ. ಹರಕೆಯ ಆಟವಾದರೆ ಆಡಿಸುವವರ ಹೆಸರು. ಸಿದ್ಧ ಕಾರ್ಡಿನಲ್ಲಿ ಇವೆಲ್ಲ ವಿವರಣೆ ಎಂಬ ಒಂದೇ ಖಾನೆಗೆ ಬಂದು ಬೀಳುತ್ತವೆ. ಆಮೇಲೆ ಒಬ್ಬ ಭಾಗವತರು ಈ ವರ್ಷ ಮುಂಬಯಿಯಲ್ಲಿ ಎಲ್ಲೆಲ್ಲಿ ಹಾಡಿದರು ಎಂದು ಹುಡುಕಿದರೆ ಸಿಗುವುದಿಲ್ಲ. ತಲೆಕಟ್ಟನ್ನು ಎ ಮಾಡಿದ ಹಳೆಯ ಕಥೆಯೇ ಇದು. ಕಣ್ಣಿಗೆ ಎಲ್ಲ ಇದೆ, ಯಂತ್ರದ ಪಾಲಿಗೆ ಏನೂ ಇಲ್ಲ.

ಶ್ರದ್ಧಾಂಜಲಿಯ ಪುಟವೂ ಹಾಗೆಯೇ. ಮುಂಬಯಿ ಕನ್ನಡಿಗರ ನಿಧನವಾರ್ತೆಯಲ್ಲಿ ಎರಡು ಊರು ಇರಲೇಬೇಕು: ಈಗಿನ ವಾಸ, ಮತ್ತು ಮೂಲ. ಭಾಂಡೂಪ್ ನಿವಾಸಿ, ಕಾಪು ಮೂಲದವರು. ಜೊತೆಗೆ ಮನೆತನ, ಉದ್ಯೋಗ, ಸೇವೆ ಸಲ್ಲಿಸಿದ ಸಂಘ, ಅಗಲಿದ ಬಂಧುಬಳಗ. ಊರಿನಲ್ಲಿದ್ದವರು ಆ ಎರಡನೆಯ ಊರಿನ ಹೆಸರಿನಿಂದಲೇ ಗುರುತು ಹಿಡಿಯುತ್ತಾರೆ. ವಿಳಾಸ ಎಂಬ ಒಂದೇ ಖಾನೆ ಇರುವ ಬಿಡಿ ಈ ಬದುಕನ್ನು ಹಿಡಿಯಲಾರದು. ಸಭೆಯ ವರದಿ, ವಿದ್ಯಾರ್ಥಿವೇತನದ ಪ್ರಕಟಣೆ, ವಧೂವರರ ಅಂಕಣ, ಊರಿನ ದೈವಸ್ಥಾನದ ನೇಮದ ಕರೆಯೋಲೆ ಇವೆಲ್ಲಕ್ಕೂ ತಮ್ಮ ತಮ್ಮದೇ ಕೀಲುಗಳಿವೆ. ಹಳೆಯ ಕಂಪೋಸಿಟರ್‌ಗಳಿಗೆ, ಉಪಸಂಪಾದಕರಿಗೆ ಅವು ಬಾಯಿಪಾಠವಾಗಿದ್ದವು. ಯಾವ ವಾರ್ತೆಗೆ ಎಷ್ಟು ಸಾಲು, ಯಾವ ಹೆಸರು ಮೊದಲು, ಯಾವುದು ದಪ್ಪಕ್ಷರ ಎಂದು ಅವರು ಹೇಳುತ್ತಿದ್ದುದು ರೂಢಿಯಿಂದ ಬಂದ ವಿನ್ಯಾಸವೇ.

ಆ ತಿಳಿವಳಿಕೆ ಇರುವವರು ಇನ್ನೂ ನಮ್ಮ ನಡುವೆ ಇದ್ದಾರೆ; ಬಿಡಿ ಕಟ್ಟಬಲ್ಲ ತರುಣ ತರುಣಿಯರು ಅಂಧೇರಿ, ಪೊವಾಯಿ, ಐರೋಲಿಯ ಕಚೇರಿಗಳಲ್ಲಿ ದಿನವೂ ಅದೇ ಕೆಲಸ ಮಾಡುತ್ತಿದ್ದಾರೆ, ಅವರಲ್ಲಿ ಕನ್ನಡ ಮನೆಗಳವರು ಎಷ್ಟೋ ಮಂದಿ. ಈ ಇಬ್ಬರೂ ಒಂದೇ ಮೇಜಿಗೆ ಬರಬೇಕು. ಮೊದಲ ಕಂತಿಗೆ ಐದು ಬಿಡಿ ಸಾಕು: ತಲೆಬರಹ, ಸುದ್ದಿಯ ಕಾರ್ಡು, ಯಕ್ಷಗಾನ ಪ್ರಕಟಣೆ, ಶ್ರದ್ಧಾಂಜಲಿ, ಸಭೆಯ ವರದಿ. ಹೆಸರುಗಳು ಅರ್ಥದಿಂದ ಬರಲಿ, ಬಣ್ಣದಿಂದಲೋ ಎಡ ಬಲದಿಂದಲೋ ಬೇಡ. ಎತ್ತರವನ್ನು ನಿಗದಿಮಾಡುವ ಬದಲು ಕನಿಷ್ಠ ಎತ್ತರ ಹೇಳಿ ಬಿಡಲಿ. ತಲೆಬರಹದ ಸಾಲಿಗೆ ಎರಡಂತಸ್ತಿನ ಒತ್ತು ಕೂರುವಷ್ಟು ಜಾಗವಿರಲಿ. ಭಾಷೆ ಕನ್ನಡ ಎಂಬ ಗುರುತು ಪ್ರತಿ ಬಿಡಿಯ ಮೇಲೂ ಇರಲಿ. ಓದಿ ಹೇಳುವ ತಂತ್ರಾಂಶ ಅದನ್ನು ನೋಡಿಯೇ ದನಿ ಆರಿಸಿಕೊಳ್ಳುತ್ತದೆ. ಪರೀಕ್ಷೆಗೆ ಇಂಗ್ಲಿಷಿನಿಂದ ಬಂದ ಪೊಳ್ಳು ಪಠ್ಯ ತುಂಬುವುದನ್ನು ನಿಲ್ಲಿಸಿ, ‘ರಾಷ್ಟ್ರೀಯ’, ‘ಸ್ವಾತಂತ್ರ್ಯ’, ‘ಅರ್ಥಶಾಸ್ತ್ರಜ್ಞ’, ‘ನೋಂದಾಯಿಸಿಕೊಳ್ಳಬೇಕಾಗಿದೆ’ ಮುಂತಾದ ನಿಜವಾದ ಪದಗಳನ್ನು ತುಂಬಿ ಅಗ್ಗದ ಫೋನಿನ ಪರದೆಯಲ್ಲಿ ನೋಡಲಿ. ಎಲ್ಲವನ್ನೂ ಮುಕ್ತ ಪರವಾನಗಿಯಲ್ಲಿ ಇಡಲಿ, ಮಂಗಳೂರಿನ ಪತ್ರಿಕೆಯೂ ಕಾಸರಗೋಡಿನ ಗ್ರಂಥಾಲಯವೂ ಸೊಲ್ಲಾಪುರದ ಕನ್ನಡ ಶಾಲೆಯೂ ಕೇಳದೆ ಎತ್ತಿಕೊಳ್ಳುವಂತಿರಲಿ.

ಈ ಐದು ಬಿಡಿಗಳ ಖಾನೆಗಳನ್ನು ಪಟ್ಟಿಮಾಡುವ ಕೆಲಸಕ್ಕೆ ಕಂಪ್ಯೂಟರ್ ಬೇಕಾಗಿಲ್ಲ. ಸಂಘಗಳ ಹಳೆಯ ಸಂಚಿಕೆಗಳ ಒಂದು ಕಟ್ಟು, ಅವುಗಳ ಪುಟ ಕಟ್ಟಿದವರೊಬ್ಬರು, ಬರೆದುಕೊಳ್ಳುವವರೊಬ್ಬರು ಇದ್ದರೆ ಆಯಿತು. ಶ್ರದ್ಧಾಂಜಲಿಯಿಂದ ಶುರುಮಾಡಬೇಕೆಂಬುದು ನಮ್ಮ ಸಲಹೆ. ಅದರ ಖಾನೆಗಳು ಎಲ್ಲರಿಗೂ ಗೊತ್ತು, ಪ್ರತಿ ಸಂಚಿಕೆಯಲ್ಲೂ ಬರುತ್ತದೆ, ಮತ್ತು ಅಲ್ಲಿ ಒಂದು ಹೆಸರಿನ ಒತ್ತು ಕತ್ತರಿಸಿಹೋದರೆ ಆ ಮನೆಯವರಿಗೆ ನೋವಾಗುತ್ತದೆ.